ಹೊಲದ ಗಳ, ಹಡಗಿನ ಬಾಗಿಲು

ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಬೀದಿಯಲ್ಲಿ ನಡೆದರೂ ಕಟ್ಟುತ್ತಿರುವ ಮನೆಯೊಂದು ನಿಮ್ಮ ಕಣ್ಣಿಗೆ ಬೀಳದೆ ಇರದು. ಅಲ್ಲೊಂದು ನಿಮಿಷ ನಿಂತು ನೋಡಿ. ಹೊಸದಾಗಿ ಹಾಕಿದ ತಾರಸಿಯ ಅಡಿಯಲ್ಲಿ ತೊಗಟೆ ಸುಲಿದ ನೀಲಗಿರಿಯ ಗಳಗಳು ಸಾಲಾಗಿ ಒತ್ತುಕೊಟ್ಟು ನಿಂತಿರುವುದುಂಟು. ಮುಂಬಾಗಿಲ ಜಾಗದಲ್ಲಿ ಅರಿಶಿನ ಕುಂಕುಮವಿಟ್ಟು, ಮಾವಿನ ಸೊಪ್ಪು ಕಟ್ಟಿದ ಬಾಗಿಲುವಾಡ ನಿಂತಿರುತ್ತದೆ. ಎರಡೂ ಮರವೇ. ಗಳ ಬೆಳೆದದ್ದು ಪಕ್ಕದ ಹೊಲದಲ್ಲಿ. ಮೂರು ವಾರ ಕಳೆದರೆ ಅದಕ್ಕೆ ಆ ಮನೆಯಲ್ಲಿ ಜಾಗವಿಲ್ಲ. ಬಾಗಿಲುವಾಡದ ಮರ ಬೆಳೆದದ್ದು ಮಲೇಷಿಯದಲ್ಲೋ, ಆಫ್ರಿಕದ ಘಾನಾದಲ್ಲೋ ಇರಬಹುದು. ಅದು ಮನೆ ಇರುವವರೆಗೆ ಅಲ್ಲಿಯೇ ನಿಲ್ಲುತ್ತದೆ. ಇನ್ನೊಂದು ವಿಚಿತ್ರವುಂಟು. ಪಕ್ಕದ ಹೊಲದ ಆ ಗಳದ ಜಾತಿಯೂ ಈ ನೆಲದ್ದಲ್ಲ, ಆಸ್ಟ್ರೇಲಿಯದ್ದು. ಪರದೇಶದ ಮರ ನಮ್ಮ ಹೊಲಕ್ಕೆ ಬಂದು ನೆಲೆಸಿದ್ದೇಕೆ, ನೆಲೆಸಿಯೂ ಅದು ನಮ್ಮ ಬಾಗಿಲಾಗದೆ ಬಾಗಿಲಿಗೆ ಬೇರೆ ಪರದೇಶವನ್ನು ಹುಡುಕಬೇಕಾಗಿ ಬಂದದ್ದೇಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಈ ಬಯಲುಸೀಮೆ ಮರಕ್ಕೆ ಎಂದೂ ಹೆಸರಾದುದಲ್ಲ. ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಮಳೆ. ಮಾಕಳಿದುರ್ಗದಂಥ ಗುಡ್ಡಗಳ ಮೈಮೇಲೆ ಕುರುಚಲು. ಊರ ಮುಂದೆ ಗುಂಡುತೋಪು. ಹೊಲದ ಬದುವಿನಲ್ಲಿ ಹೊಂಗೆ, ಬೇವು, ಜಾಲಿ, ಹುಣಸೆ. ಇವೆಲ್ಲ ನೇಗಿಲು, ನೊಗ, ಗಾಡಿಯ ಚಕ್ರಗಳಿಗೆ ಸಾಲುತ್ತಿದ್ದುವು. ಹತ್ತಾರು ಅಡಿ ಉದ್ದದ, ನೆಟ್ಟನೆಯ ತೊಲೆ ಬೇಕೆಂದರೆ ಇಲ್ಲಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಸಿಕ್ಕುತ್ತಿದ್ದದ್ದು ಕಲ್ಲು. ಆದುದರಿಂದಲೇ ಇಲ್ಲಿಯ ಹಳೆಯ ಮನೆಗಳಲ್ಲಿ ಕಲ್ಲಿನ ಕಂಬ, ಕಲ್ಲುಚಪ್ಪಡಿಯ ಮಾಳಿಗೆ, ಚಪ್ಪಡಿಯ ಜಗಲಿ ಅಷ್ಟೊಂದು ಕಾಣುತ್ತವೆ. ಮಲೆನಾಡಿನವನು ಗೋಡೆಗೂ ಹಲಗೆ ಬಳಸಿಯಾನು. ಬಯಲುಸೀಮೆಯವನು ಮರವನ್ನು ಚಿನ್ನದಂತೆ ಅಳೆದು, ಬಾಗಿಲಿಗೆ, ತೊಟ್ಟಿಯ ಸುತ್ತಲಿನ ನಾಲ್ಕು ಬೋದಿಗೆ ಕಂಬಗಳಿಗೆ, ಮಣ್ಣಿನ ಮಾಳಿಗೆಯ ತೊಲೆ ಜಂತೆಗಳಿಗೆ ಎತ್ತಿಟ್ಟುಕೊಂಡನು. ಮನೆ ಬಿದ್ದುಹೋದರೂ ಬಾಗಿಲುವಾಡವನ್ನು ಬಿಚ್ಚಿ ಹೊಸ ಮನೆಗೆ ಕೂಡಿಸುವ ರೂಢಿ ಬಂದದ್ದೂ ಇದರಿಂದಲೇ ಇರಬೇಕು. ಹೊಸ್ತಿಲಿಗೆ ಪೂಜೆ ಮಾಡುವ ಊರು ಮರದ ಬೆಲೆಯನ್ನು ಬಲ್ಲ ಊರು.

ಒಳ್ಳೆಯ ಮರ ಬೇಕಾದವರು ಪಡುವಣ ಘಟ್ಟಗಳ ಕಡೆಗೆ ನೋಡಬೇಕಾಗಿತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನ ಕಾಲದಲ್ಲಿ, ೧೭೯೧ರಲ್ಲಿ, ಬೆಂಗಳೂರು ಕೋಟೆಯ ಅರಮನೆ ಮುಗಿಯಿತು. ಅದರ ಎತ್ತರದ ಕಂಬಗಳು, ಕಮಾನುಗಳು ತೇಗದವು. ಅಂಥ ದಿಮ್ಮಿಗಳು ಎತ್ತಿನ ಗಾಡಿಯಲ್ಲಿ ಇಷ್ಟು ದೂರ ಬರಬೇಕಾದರೆ ಅರಮನೆಯ ಕೆಲಸವೇ ಆಗಬೇಕು. ರೈತನಿಗೆ ಅದು ನಿಲುಕುವ ಮಾತಲ್ಲ. ತೇಗಕ್ಕೆ ಆಗಲೇ ಕಡಲಿನ ಕಡೆ ಗಿರಾಕಿಗಳಿದ್ದರು. ಅರಬ್ಬರ ಹಾಯಿಹಡಗುಗಳು ಮಲಬಾರಿನ ತೇಗದಿಂದ ಆಗುತ್ತಿದ್ದುವು. ಟಿಪ್ಪು ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿಯನ್ನು ಇಟ್ಟುಕೊಂಡಿದ್ದನು; ಮೈಸೂರಿನ ಗಂಧ, ಮೆಣಸು, ಏಲಕ್ಕಿ ಆ ದಾರಿಯಲ್ಲಿ ಹೋಗುತ್ತಿದ್ದುವು. ಅವನ ತರುವಾಯ ಬ್ರಿಟಿಷರು ಮುಂಬಯಿಯಲ್ಲಿ ತಮ್ಮ ಯುದ್ಧನೌಕೆಗಳನ್ನು ಇದೇ ತೇಗದಿಂದ ಕಟ್ಟಿಸಿದರು. ೧೮೧೭ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ಹಡಗನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ಇಂದಿಗೂ ನೋಡಬಹುದು. ಇನ್ನೂರು ವರ್ಷ ನೀರಿನಲ್ಲಿದ್ದು ಕೊಳೆಯದ ಮರಕ್ಕೆ ಹೊರಗಿನವರು ಮುಗಿಬಿದ್ದರೆ ಆಶ್ಚರ್ಯವಿಲ್ಲ. ಅಂತೂ ತೇಗದ ಬೆಲೆಯನ್ನು ಗೊತ್ತುಮಾಡಿದವನು ಮನೆ ಕಟ್ಟುವವನಲ್ಲ, ಹಡಗು ಕಟ್ಟುವವನು.

ಆಮೇಲೆ ರೈಲು ಬಂದಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಳಿ ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ ವರ್ಷ. ಇವೆರಡೂ ಒಂದೇ ವರ್ಷ ಬಂದದ್ದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಹಳಿಯ ಕೆಳಗೆ ಅಡ್ಡ ಹಾಕುವ ಮರದ ದಿಮ್ಮಿಗಳಿಗಾಗಿ ದೇಶದ ಕಾಡುಗಳೆಲ್ಲ ಕೊಡಲಿಗೆ ಸಿಕ್ಕಿದ್ದ ಕಾಲವದು. ಅವೂ ಸಾಲದೆ, ಬಾಲ್ಟಿಕ್ ಸಮುದ್ರದ ಕರಾವಳಿಯ ಪೈನ್ ಮರಗಳು ಕ್ರಿಯೊಸೋಟ್ ಎಣ್ಣೆ ಕುಡಿದುಕೊಂಡು ಇಂಗ್ಲೆಂಡಿನ ಮೂಲಕ ಭಾರತಕ್ಕೆ ಹಡಗೇರಿದುವು. ಪಶ್ಚಿಮ ಆಸ್ಟ್ರೇಲಿಯದಿಂದ ಜಾರಾ ಎಂಬ ಕೆಂಪು ಮರದ ದಿಮ್ಮಿಗಳೂ ಬಂದುವು. ಈ ಜಾರಾ ನಮ್ಮ ನೀಲಗಿರಿಯ ಕುಲದ್ದೇ ಒಂದು ಜಾತಿಯೆಂಬುದನ್ನು ನೆನಪಿಟ್ಟುಕೊಳ್ಳಿ; ಮುಂದೆ ಅದರ ಪ್ರಸ್ತಾಪ ಬರುತ್ತದೆ.

ರೈಲು ಮರವನ್ನು ತಿಂದಿತು, ಮರವನ್ನು ತಂದೂ ಕೊಟ್ಟಿತು. ಈಗ ಮದರಾಸಿನ ಬಂದರಿಗೆ ಬಂದಿಳಿದ ತೇಗದ ದಿಮ್ಮಿ ಬೆಂಗಳೂರಿಗೆ ಬರುವುದಕ್ಕೆ ಎತ್ತು ಬೇಕಾಗಿರಲಿಲ್ಲ. ಆ ತೇಗ ಬರುತ್ತಿದ್ದದ್ದು ಬರ್ಮಾದಿಂದ. ೧೮೫೨ರಲ್ಲಿ ಬ್ರಿಟಿಷರು ಕೆಳ ಬರ್ಮಾದ ಪೆಗು ಪ್ರಾಂತವನ್ನು ವಶಪಡಿಸಿಕೊಂಡಿದ್ದರು; ೧೮೬೩ರಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಹುಟ್ಟಿತು. ಆನೆಗಳು ಕಾಡಿನಲ್ಲಿ ಎಳೆದು ಹೊಳೆಗೆ ಹಾಕಿದ ದಿಮ್ಮಿಗಳು ತೇಲಿಕೊಂಡು ರಂಗೂನು, ಮೌಲ್ಮೇನುಗಳ ಗರಗಸದ ಕಾರ್ಖಾನೆಗಳಿಗೆ ಬರುತ್ತಿದ್ದುವು. ೧೮೮೫ರಲ್ಲಿ ಈ ಕಂಪೆನಿ ಲೆಕ್ಕಕ್ಕಿಂತ ಹೆಚ್ಚು ಮರ ಸಾಗಿಸಿತೆಂದು ಬರ್ಮಾದ ದರ್ಬಾರು ಭಾರಿ ದಂಡ ಹಾಕಿತು. ಅದನ್ನೇ ನೆಪಮಾಡಿಕೊಂಡು ಬ್ರಿಟಿಷರು ಮಂಡಾಲೆಗೆ ಸೈನ್ಯ ನಡೆಸಿದರು. ದೊರೆ ಥೀಬಾ ರತ್ನಾಗಿರಿಯಲ್ಲಿ ಸೆರೆಯಾಗಿ ಉಳಿದನು. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳಲ್ಲಿ, ಬಸವನಗುಡಿ ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಬರ್ಮಾ ತೇಗದ ಬಾಗಿಲೆಂದು ಹಿರಿಯರು ಹೆಮ್ಮೆಯಿಂದ ತಟ್ಟಿ ತೋರಿಸುವುದುಂಟು. ಒಂದು ರಾಜ್ಯ ಹೋದ ಕಥೆಯೂ ಆ ಹಲಗೆಯಲ್ಲಿ ಸೇರಿಕೊಂಡಿದೆ.

ಆ ಮನೆಗಳ ಮಾಳಿಗೆಯೇ ಮರವನ್ನು ಕೇಳುವಂಥದು. ಮದರಾಸು ತಾರಸಿಯೆಂದರೆ ಸಾಲಾಗಿ ತೇಗದ ತೊಲೆ ಹಾಯಿಸಿ, ಅವುಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಬಡಿದು ಕೂಡಿಸುವ ಕ್ರಮ. ತಾಲ್ಲೂಕು ಕೇಂದ್ರಗಳಿಗೆ ಇದಕ್ಕಿಂತ ಅಗ್ಗದ ಇನ್ನೊಂದು ಮಾಳಿಗೆ ಬಂದಿತು. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದರು. ಅವರ ಹೆಂಚು ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹಡಗಿನಲ್ಲಿ ಹೋಯಿತು; ನಮ್ಮ ಕಡೆಗೂ ಬಂದಿತು. ಹಗುರವಾದ ಹೆಂಚು, ಬೇಗ ಕೆಲಸ. ಆದರೆ ಅದಕ್ಕೆ ನೆಟ್ಟನೆಯ ತೊಲೆ, ಒಂದೇ ಅಳತೆಗೆ ಕೊಯ್ದ ರೀಪುಗಳು ಬೇಕೇ ಬೇಕು. ನಾಡಹೆಂಚಿನ ಕೆಳಗೆ ಅಡ್ಡಾದಿಡ್ಡಿ ಕೊಂಬೆ ಬೊಂಬುಗಳು ನಡೆಯುತ್ತಿದ್ದುವು, ಮಂಗಳೂರು ಹೆಂಚಿನ ಕೆಳಗೆ ನಡೆಯಲಿಲ್ಲ. ೧೮೯೦ರ ದಶಕದಲ್ಲಿ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ ರೈಲುದಾರಿ ಹೋಯಿತು. ನೇಕಾರರ ಮನೆಗಳಿಗೂ ಅಂಗಡಿ ಬೀದಿಗೂ ಹೆಂಚು ಬಂದಂತೆಲ್ಲ ಮರದ ಡಿಪೋ, ಗರಗಸದ ಮಿಲ್ಲು ಇವೂ ಹಿಂದಿನಿಂದ ಬಂದುವು. ಕಲ್ಲಿನ ಸೀಮೆ ಹೀಗೆ ಮರದ ಗಿರಾಕಿಯಾಯಿತು.

ಈ ವ್ಯಾಪಾರದ ಬುಡ ಒಂದೇ ಏಟಿಗೆ ಕಡಿದುಹೋದದ್ದು ೧೯೪೨ರಲ್ಲಿ. ಜಪಾನೀಯರು ಬರ್ಮಾವನ್ನು ಹಿಡಿದರು. ತೇಗದ ಹಡಗು ನಿಂತಿತು. ಯುದ್ಧ ಮುಗಿದಮೇಲೆ ಮರ ಮತ್ತೆ ಬಂದಿತಾದರೂ ಆ ಹೊತ್ತಿಗೆ ಸಿಮೆಂಟು ಮತ್ತು ಕಬ್ಬಿಣದ ಸರಳು ಮಾಳಿಗೆಯನ್ನು ಹಿಡಿದುಕೊಂಡಿದ್ದುವು. ಮರ ತಾರಸಿಯಿಂದ ಇಳಿದು ಬಾಗಿಲು ಕಿಟಕಿಗಳಲ್ಲಿ ಉಳಿಯಿತು. ಇಲ್ಲಿಗೆ ಮರದ ಖರ್ಚು ಮುಗಿಯಿತೆಂದು ನೀವು ಎಣಿಸಬಹುದು. ಹಾಗಾಗಲಿಲ್ಲ. ಕಾಂಕ್ರೀಟು ಹಸಿಯಾಗಿರುವಾಗ ಅದನ್ನು ಎತ್ತಿ ಹಿಡಿಯುವುದಕ್ಕೆ ಸೆಂಟ್ರಿಂಗ್ ಬೇಕು. ಸಾರುವೆ ಕಟ್ಟುವುದಕ್ಕೆ ಉದ್ದನೆಯ ಕಂಬ ಬೇಕು. ಅಗ್ಗವಾದ, ನೆಟ್ಟನೆಯ, ತೆಳ್ಳನೆಯ, ಬೇಗ ಬೆಳೆಯುವ ಮರ ಬೇಕಾಯಿತು. ಅಂಥದೊಂದು ಮರ ನಂದಿಬೆಟ್ಟದ ಮೇಲೆ ಆಗಲೇ ಕಾದು ನಿಂತಿತ್ತು.

ನಂದಿಬೆಟ್ಟ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ದೇವನಹಳ್ಳಿಯವರಿಗೂ ದೊಡ್ಡಬಳ್ಳಾಪುರದವರಿಗೂ ಮನೆಯ ಮುಂದಿನ ಬೆಟ್ಟ. ಸುಮಾರು ೧೭೯೦ರಲ್ಲಿ ಟಿಪ್ಪು ಅಲ್ಲಿಯ ತನ್ನ ತೋಟದಲ್ಲಿ ಹದಿನಾರು ಜಾತಿಯ ನೀಲಗಿರಿಗಳನ್ನು ನೆಡಿಸಿದನೆಂದೂ ಭಾರತದಲ್ಲಿ ಅವೇ ಮೊದಲಿನವೆಂದೂ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಈ ಮಾತನ್ನು ಪೂರ್ತಿಯಾಗಿ ನುಂಗುವುದು ನನಗೆ ಕಷ್ಟ. ಬ್ರಿಟಿಷರು ಆಸ್ಟ್ರೇಲಿಯದಲ್ಲಿ ಮೊದಲ ನೆಲೆ ಹೂಡಿದ್ದೇ ೧೭೮೮ರಲ್ಲಿ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿಟಿಯೆ ಈ ಕುಲಕ್ಕೆ ಯೂಕಲಿಪ್ಟಸ್ ಎಂದು ಹೆಸರಿಟ್ಟದ್ದೂ ಆ ಸುಮಾರಿನಲ್ಲೇ. ಎರಡೇ ವರ್ಷದಲ್ಲಿ ಹದಿನಾರು ಜಾತಿ ನಂದಿಯನ್ನೇರಿದುವೆಂದರೆ ಬೀಜಕ್ಕೆ ರೆಕ್ಕೆ ಇದ್ದಿರಬೇಕು. ಯಾರು ನೆಟ್ಟರೇನು, ನಂದಿಯಲ್ಲಿ ಹಳೆಯ ನೀಲಗಿರಿಗಳಿದ್ದದ್ದು ನಿಜ. ಅವುಗಳ ಬೀಜದಿಂದ ಬಂದ ಬೆರಕೆ ತಳಿಯೇ 'ಮೈಸೂರು ಗಮ್' ಎಂಬ ಹೆಸರಿನಿಂದ ದೇಶದಾದ್ಯಂತ ಹರಡಿದ್ದೂ ನಿಜ. ೧೮೪೦ರ ದಶಕದಲ್ಲಿ ಇನ್ನೊಂದು ಜಾತಿ ಊಟಿಯ ನೀಲಗಿರಿ ಬೆಟ್ಟಗಳಿಗೆ ಬಂದಿತು. ಕನ್ನಡಿಗರು ಮರಕ್ಕೆ ಆ ಬೆಟ್ಟದ ಹೆಸರನ್ನಿಟ್ಟರು. ಪಾಪ, ನಂದಿಗೆ ಹೆಸರಿನ ಪಾಲೂ ದೊರೆಯಲಿಲ್ಲ.

೧೯೫೦ರ ದಶಕದಿಂದ ಈ ಮೈಸೂರು ಗಮ್ ಸರ್ಕಾರದ ನೆಡುತೋಪುಗಳಿಗೆ ಬಂದಿತು. ಭದ್ರಾವತಿಯ ಕಾಗದದ ಕಾರ್ಖಾನೆಯೂ ೧೯೭೦ರ ದಶಕದಲ್ಲಿ ಶುರುವಾದ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಇದರ ದೊಡ್ಡ ಗಿರಾಕಿಗಳಾದುವು. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಸಸಿ ರೈತನ ಮನೆಯ ಬಾಗಿಲಿಗೇ ಬಂದಿತು. ರಾಗಿ ಬೆಳೆಯುತ್ತಿದ್ದ ಕೋಲಾರ, ಹೊಸಕೋಟೆ, ದೇವನಹಳ್ಳಿಗಳ ಹೊಲಗಳು ಸಾಲುಸಾಲಾಗಿ ನೀಲಗಿರಿಯಾದುವು. ರೈತನನ್ನು ಇದಕ್ಕಾಗಿ ಜರೆಯುವವರು ಅವನ ಲೆಕ್ಕವನ್ನೂ ನೋಡಬೇಕು. ರಾಗಿಗೆ ಉಳುಮೆ, ಕಳೆ, ಕುಯಿಲು, ಒಕ್ಕಣೆ, ಎಲ್ಲಕ್ಕೂ ಆಳು ಬೇಕು. ಮಳೆ ಕೈಕೊಟ್ಟರೆ ಎಲ್ಲವೂ ದಂಡ. ನೀಲಗಿರಿಯನ್ನು ದನ ಮೇಯುವುದಿಲ್ಲ, ಕಾವಲು ಬೇಡ. ಆರೆಂಟು ವರ್ಷಕ್ಕೊಮ್ಮೆ ಕಡಿದರೆ ಬುಡ ತಾನಾಗಿ ಚಿಗುರುತ್ತದೆ, ಹೀಗೆ ಮೂರು ನಾಲ್ಕು ಫಸಲು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ವರ್ಷಕ್ಕೊಂದು ಸಲ ಬಂದು ನೋಡಿಕೊಂಡು ಹೋದರೂ ಸಾಕು. ಎಲ್ಲರೂ ಒಪ್ಪಿದರೆಂದಲ್ಲ. ೧೯೮೩ರಲ್ಲಿ ನೆರೆಯ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನಡೆದುಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತುಹಾಕಿ ಹುಣಸೆ, ಮಾವುಗಳ ಬೀಜ ಊರಿ ಬಂದರು.

ಹೊಲದಲ್ಲಿ ಇಷ್ಟು ಮರವಿದ್ದರೂ ಒಂದು ಬಾಗಿಲು ಏಕೆ ಆಗಲಿಲ್ಲ? ಆಚಾರ್ಯರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ, ಸೀಳುತ್ತದೆ ಎಂದು. ಬೇಗ ಬೆಳೆಯುವ ಎಳೆಯ ನೀಲಗಿರಿಯ ಮೈಯೊಳಗೆ ಬಿಗಿತ ಕಟ್ಟಿಕೊಂಡಿರುತ್ತದೆ. ಗರಗಸ ಹಾಯಿಸಿದೊಡನೆ ಆ ಬಿಗಿತ ಬಿಡಿಸಿಕೊಂಡು ಹಲಗೆ ಬಿಲ್ಲಾಗುತ್ತದೆ, ತುದಿ ಬಿರಿಯುತ್ತದೆ. ಐವತ್ತು ನೂರು ವರ್ಷದ ಮರವಾದರೆ, ಕೊಯ್ದು ನಿಧಾನವಾಗಿ ಒಣಗಿಸಿದರೆ, ಅದು ಉತ್ತಮ ಕಟ್ಟಡದ ಮರವೇ. ರೈಲು ಹಳಿಗೆ ಬಂದ ಜಾರಾ ಅಂಥ ಹಳೆಯ ಮರ. ಆದರೆ ಏಳು ವರ್ಷಕ್ಕೆ ಕಡಿದು ಕಾಗದಕ್ಕೂ ಗಳಕ್ಕೂ ಮಾರುವ ಹೊಲದಲ್ಲಿ ಬಾಗಿಲಿನ ಮರ ಬೆಳೆಯುವುದೆಂತು? ಆಸ್ಟ್ರೇಲಿಯಕ್ಕೆ ಹೋದ ಮೊದಲ ವಲಸಿಗರೂ ಈ ಗಟ್ಟಿ ಮರದ ಮುಂದೆ ಸೋತಿದ್ದರು. ೧೮೩೦ರ ದಶಕದಲ್ಲಿ ಹೆನ್ರಿ ಮ್ಯಾನಿಂಗ್ ಎಂಬ ಲಂಡನ್ನಿನ ಬಡಗಿ, ಅಲ್ಲಿಗೆ ಹೊರಟಿದ್ದ ತನ್ನ ಮಗನಿಗಾಗಿ, ಮರದ ಚೌಕಟ್ಟಿನ ಮನೆಯೊಂದನ್ನು ಬಿಡಿಬಿಡಿಯಾಗಿ ಮಾಡಿ ಕಟ್ಟು ಕಟ್ಟಿ ಹಡಗಿಗೆ ಹಾಕಿದನು. ಇಳಿಸಿ, ಜೋಡಿಸಿ, ಒಳಗೆ ಮಲಗಬಹುದು. ಆಮೇಲೆ ಅದೇ ಅವನ ವ್ಯಾಪಾರವಾಯಿತು. ನೀಲಗಿರಿಯ ತವರಿಗೇ ಮನೆ ಹಡಗಿನಲ್ಲಿ ಹೋದ ಕಾಲವೂ ಒಂದಿತ್ತು.

ಹಾಗೆ ಮರದ ಚೌಕಟ್ಟು ನಿಲ್ಲಿಸಿ ಹಲಗೆ ಹೊಡೆಯುವ ಮನೆಗಳು ಕೆನಡ, ಅಮೆರಿಕ, ನಾರ್ವೆ, ಸ್ವೀಡನ್ನುಗಳಲ್ಲಿ ಇಂದಿಗೂ ಸಾಮಾನ್ಯ. ಆ ದೇಶಗಳ ಮರದ ವ್ಯಾಪಾರಿಗಳು ನಮ್ಮಲ್ಲಿಯೂ ಪೈನ್, ಸ್ಪ್ರೂಸ್, ಹೆಮ್‌ಲಾಕ್ ಮರಗಳನ್ನು ಪರಿಚಯಿಸುತ್ತಿದ್ದಾರೆ. ಕಿಟಕಿ ಪೀಠೋಪಕರಣಗಳಿಗೆ ಅವು ಸಲ್ಲುತ್ತವೆ. ಪೂರ್ತಿ ಮನೆಗೆ ಮಾತ್ರ ನಮ್ಮ ಗೆದ್ದಲು ಒಪ್ಪಿಗೆ ಕೊಡಬೇಕು! ಕಲ್ಲಿನ ಮನೆಯಲ್ಲಿ ಹುಟ್ಟಿದ ನಮ್ಮವರು ಅದಕ್ಕಿಂತ ಮೊದಲೇ ಒಪ್ಪಲಾರರು.

ಇನ್ನು ಬಾಗಿಲಿನ ಮಾತು. ೧೯೯೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ ಕೊಟ್ಟ ಆಜ್ಞೆಯಿಂದ ದೇಶದ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ಬಿಗಿಯಾದ ಕಡಿವಾಣ ಬಿದ್ದಿತು. ಕಾಡಿಗೆ ಅದು ಒಳ್ಳೆಯದಾಯಿತು. ಆದರೆ ನಗರದ ಮನೆಗಳು ನಿಲ್ಲಲಿಲ್ಲ. ಬೇಕಾದ ಮರವನ್ನು ಇತರರ ಕಾಡಿನಿಂದ ತಂದೆವು. ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, ೨೦೧೪ರ ಏಪ್ರಿಲ್ ಒಂದರಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ವ್ಯಾಪಾರಿಗಳು ಬೇರೆ ಬಂದರುಗಳ ಕಡೆಗೆ ತಿರುಗಿದರು. ಟಿಂಬರ್ ಡಿಪೋದಲ್ಲಿ ನಿಮಗೆ 'ಮಲೇಷಿಯಾ ಸಾಲ್' ಎಂದು ತೋರಿಸುವ ಮರ ಉತ್ತರ ಭಾರತದ ಸಾಲವೃಕ್ಷವಲ್ಲ; ಆಗ್ನೇಯ ಏಷ್ಯದ ಬೇರೆ ಬೇರೆ ಗಟ್ಟಿ ಮರಗಳು ಆ ಹೆಸರಿನಲ್ಲಿ ಮಾರಾಟವಾಗುತ್ತವೆ. ಹೆಸರನ್ನು ಕೇಳಿ ದುಡ್ಡು ಕೊಡುವುದಕ್ಕಿಂತ ತೂಕ, ಎಳೆ, ಒಣಗಿದ ಬಗೆ ಇವನ್ನು ನೋಡಿ ಕೊಡುವುದು ಲೇಸು.

ತೇಗದ ಕಥೆ ಇದಕ್ಕಿಂತ ಸೊಗಸಾಗಿದೆ. ೧೯೧೩ರಲ್ಲಿ ಬರ್ಮಾದ ತೆನಾಸೆರಿಮ್‌ನಿಂದ ತೇಗದ ಬೀಜ ವೆಸ್ಟ್ ಇಂಡೀಸಿನ ಟ್ರಿನಿಡಾಡಿಗೆ ಹೋಯಿತು. ಅಲ್ಲಿಂದ ಮಧ್ಯ ಅಮೆರಿಕದ ದೇಶಗಳಿಗೆ ಹಬ್ಬಿತು. ಆಫ್ರಿಕದ ಘಾನಾ, ಟಾಂಜಾನಿಯಾಗಳಲ್ಲಿಯೂ ತೇಗದ ನೆಡುತೋಪುಗಳೆದ್ದುವು. ಈಗ ಪನಾಮಾ, ಕೋಸ್ಟರಿಕಾ, ಎಕ್ವಡಾರ್, ಘಾನಾಗಳ ತೇಗವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುವವರಲ್ಲಿ ನಾವೇ ಮುಂದು. ನಮ್ಮ ಮರ ಅವರ ಹೊಲಕ್ಕೆ ಹೋಗಿ ಬಾಗಿಲಾಗಿ ಹಿಂದಿರುಗಿತು. ಅವರ ಕಡೆಯ ಮರ ನಮ್ಮ ಹೊಲಕ್ಕೆ ಬಂದು ಗಳವಾಗಿಯೇ ಉಳಿಯಿತು. ವ್ಯತ್ಯಾಸ ಮಣ್ಣಿನಲ್ಲಿಲ್ಲ, ಕಾಯುವುದರಲ್ಲಿದೆ. ಅವರು ಇಪ್ಪತ್ತು ವರ್ಷ ಕಾದರು, ನಾವು ಏಳು ವರ್ಷ.

ಆ ಏಳು ವರ್ಷದ ಬೆಲೆಯನ್ನು ಅಳೆದು ನೋಡಿದ ಜಾಗವೂ ನಮ್ಮ ಹೊಸಕೋಟೆಯೇ. ಬ್ರಿಟನ್ನಿನ ಜಲವಿಜ್ಞಾನಿ ಇಯನ್ ಕಾಲ್ಡರ್ ಮತ್ತು ಅವರ ಸಂಗಡಿಗರು ಕರ್ನಾಟಕದ ಕೆಲವು ಕಡೆ ನೀಲಗಿರಿ ಎಷ್ಟು ನೀರು ಬಳಸುತ್ತದೆಂದು ವರ್ಷಗಟ್ಟಲೆ ಅಳೆದರು. ಮಲೆನಾಡಿನ ಅಂಚಿನ ಮಧ್ಯಮ ಆಳದ ಮಣ್ಣಿನಲ್ಲಿ ಅದು ನಾಡ ಕಾಡಿಗಿಂತ ಹೆಚ್ಚು ನೀರನ್ನೇನೂ ಕುಡಿಯಲಿಲ್ಲ. ಆದರೆ ರಾಗಿಯ ಜೊತೆ ಹೋಲಿಸಿದಾಗ ಸುಮಾರು ಎರಡರಷ್ಟು ಎಂದು ಕಂಡಿತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಬಂದ ಲೆಕ್ಕ ಎಲ್ಲರನ್ನೂ ಬೆರಗುಗೊಳಿಸಿತು. ೧೯೯೭ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ ೨೧೦೦ ಮಿಲಿಮೀಟರ್. ಮರಗಳು ಬಳಸಿದ ನೀರು ೩೪೦೦. ಮೇಲಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಖರ್ಚಾದ ಆ ೧೩೦೦ ಮಿಲಿಮೀಟರ್ ಎಲ್ಲಿಂದ ಬಂದಿತು? ನೆಲದ ಆಳದಲ್ಲಿ ಹಿಂದಿನ ಮಳೆಗಾಲಗಳು ಕೂಡಿಟ್ಟಿದ್ದ ತೇವದಿಂದ. ಬೇರು ವರ್ಷಕ್ಕೆ ಸುಮಾರು ಎರಡೂವರೆ ಮೀಟರ್ ಕೆಳಗಿಳಿದು ಅದನ್ನು ಹುಡುಕಿಕೊಂಡು ಹೋಗಿತ್ತು. ರಾಗಿಯ ಬೇರು ತಲಪದ ಆ ತೇವ, ಬಾವಿಗೆ ಇಳಿಯಬೇಕಾಗಿದ್ದ ನೀರು.

೨೦೧೭ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹೊಸ ಸಸಿಗೆ ಅಪ್ಪಣೆಯಿಲ್ಲ; ಹಳೆಯ ಬುಡಕ್ಕೆ ಅಪ್ಪಣೆ ಯಾರು ಕೊಡಬೇಕು? ಕಡಿದ ಮರುವರ್ಷವೇ ಅದು ಆಳೆತ್ತರ ಚಿಗುರಿ ನಿಲ್ಲುತ್ತದೆ. ಅದನ್ನು ಬೇರುಸಹಿತ ತೆಗೆಸುವುದೆಂದರೆ ಯಂತ್ರ ತರಿಸಿ ಅಗೆಸಬೇಕು, ಅದರ ಖರ್ಚು ರೈತನದು. ಬಂದ ಬೊಡ್ಡೆ ಸೌದೆಯ ಬೆಲೆಗೆ ಹೋಗುತ್ತದೆ. ಇತ್ತ ಪಟ್ಟಣದಲ್ಲಿ ಸೆಂಟ್ರಿಂಗಿಗೆ ಕಬ್ಬಿಣದ ಜಾಕಿಗಳು ಬಂದು ಗಳದ ಗಿರಾಕಿಯೂ ಕಡಿಮೆಯಾಗುತ್ತಿದ್ದಾರೆ. ಹಾಗಿದ್ದೂ ಬುಡವನ್ನು ಕೀಳಿಸಿ, ಗುಂಡಿ ಮುಚ್ಚಿ, ಮೊದಲ ಮಳೆಗೆ ರಾಗಿ ಎರಚಿದವರು ಹೊಸಕೋಟೆ, ದೇವನಹಳ್ಳಿಗಳ ಹಳ್ಳಿಗಳಲ್ಲಿ ಇದ್ದಾರೆ. ಇನ್ನು ಕೆಲವರು ಅದೇ ಗುಂಡಿಗಳಲ್ಲಿ ಹೆಬ್ಬೇವು, ತೇಗ, ಶ್ರೀಗಂಧಗಳನ್ನು ಇಟ್ಟಿದ್ದಾರೆ. ಇವು ಬಾಗಿಲಿಗೋ ಪೆಟ್ಟಿಗೆಗೋ ಬರಬೇಕಾದರೆ ಬೇರೆ ಬೇರೆ ಗಡುವು. ತೇಗಕ್ಕಂತೂ ನೆಟ್ಟವನ ಮಗನೇ ಗರಗಸ ಹಿಡಿಯಬೇಕು.